ತೊಟ್ಟಿಲ ದಿನಕ್ಕೆ ಎತ್ತಿಟ್ಟ ಚೀಲ

ನಾಯಂಡಹಳ್ಳಿಯ ಗೋಡೌನಿನಲ್ಲಿ ನನ್ನ ಕೆಲಸ ಚೀಲದ ಬಾಯಿ ಮುಚ್ಚುವುದು. ಪ್ಲಾಸ್ಟಿಕ್ ಚೀಲ. ಅದರ ಅಂಚನ್ನು ಮಿಷನ್ನಿನ ಬಿಸಿ ಪಟ್ಟಿಗೆ ಕೊಟ್ಟು ಕಾಲಲ್ಲಿ ಪೆಡಲ್ ಒತ್ತಿದರೆ ಅಂಟಿಕೊಳ್ಳುತ್ತದೆ. ಒತ್ತುವ ಮೊದಲು ಚೀಲವನ್ನು ಎದೆಗೆ ಅವಚಿಕೊಂಡು ಒಳಗಿನ ಗಾಳಿ ತೆಗೆಯಬೇಕು. ಇಲ್ಲದಿದ್ದರೆ ಲಾರಿಯಲ್ಲಿ ಒಂದರ ಮೇಲೊಂದು ಪೇರಿಸಿದಾಗ ಒಡೆಯುತ್ತದೆ. ನಾನು ಎರಡು ಸಲ ಒತ್ತುತ್ತೇನೆ. ಹಾಗಾಗಿ ನಾನು ಮುಚ್ಚಿದ ಚೀಲದ ಮೇಲೆ ಎರಡು ಗೆರೆ ಇರುತ್ತದೆ. ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಶರ್ಟು ಮಡಚಿ ಮುಚ್ಚುತ್ತಿದ್ದಾಗ ಬಂದ ಅಭ್ಯಾಸ ಅದು. ಕಣ್ಣು ಮಂಜಾದ ಮೇಲೆ ಅಲ್ಲಿ ಸಾಕು ಅಂದರು. ಇಲ್ಲಿ ಕಣ್ಣು ಅಷ್ಟೇನೂ ಬೇಕಾಗಿಲ್ಲ, ಕೈಗೆ ಗೊತ್ತಾಗುತ್ತದೆ.

ಚೀಲದ ಒಳಗೆ ಹೋಗುವುದು ಹಸುಗೂಸಿನ ಸಾಮಾನು. ಟೋಪಿ, ಕಾಲುಚೀಲ, ಹಳದಿ ಕಂಬಳಿ, ಸುತ್ತುವ ಬಟ್ಟೆ, ಸೋಪು, ಟವೆಲು. ಎಲ್ಲಾದರೂ ಹೊಳೆ ಉಕ್ಕಿ ಊರು ಮುಳುಗಿದರೆ ಜನರನ್ನು ಶಾಲೆಯಲ್ಲೋ ಛತ್ರದಲ್ಲೋ ಇಡುತ್ತಾರೆ. ಅಲ್ಲಿ ಹೆರುವ ಹೆಂಗಸರಿಗೆ ನಮ್ಮ ಸಂಸ್ಥೆ ಕೊಡುವುದು ಈ ಚೀಲ. ಊರು ಮುಳುಗಿತು ಅಂತ ಹೆರಿಗೆ ಕಾಯುವುದಿಲ್ಲವಲ್ಲ.

ನಾನು ಸೇರಿದ ಹೊಸದರಲ್ಲಿ ಈ ಕೆಲಸಕ್ಕೆ ತಲೆಬುಡ ಇರಲಿಲ್ಲ. ಟಿವಿಯಲ್ಲಿ ನೀರು ತೋರಿಸಿದ ಮೇಲೆ ಸಾಮಾನು ಕೊಳ್ಳಲು ಓಡುತ್ತಿದ್ದರು. ಕಂಬಳಿ ಬಂದರೆ ಟೋಪಿ ಬರುತ್ತಿರಲಿಲ್ಲ. ಟೋಪಿ ಬರುವಷ್ಟರಲ್ಲಿ ಮಳೆ ನಿಂತಿರುತ್ತಿತ್ತು. ರಾಜಾಜಿನಗರ, ಬಸವೇಶ್ವರನಗರದ ಮನೆಗಳಿಂದ ಜನ ಮೂಟೆ ಮೂಟೆ ಹಳೆ ಬಟ್ಟೆ ತಂದು ಬಾಗಿಲಿಗೆ ಸುರಿಯುತ್ತಿದ್ದರು. ಜರಿ ಲಂಗ, ಒಂಟಿ ಶೂ, ಶಾಲೆಯ ಟೈ, ಜಿಪ್ಪು ಕಿತ್ತ ಪ್ಯಾಂಟು. ಒಂದು ಮೂಟೆಯಲ್ಲಿ ಸತ್ತ ಇಲಿ ಇತ್ತು. ಅದನ್ನೂ ನಾವೇ ಎಸೆಯಬೇಕು. ಲಾರಿ ಡ್ರೈವರ್ ನಗುತ್ತಿದ್ದ. "ನಾನು ಹೋಗಿ ಮುಟ್ಟೋ ಹೊತ್ತಿಗೆ ಕೂಸು ಸ್ಕೂಲಿಗೆ ಸೇರಿರುತ್ತೆ ಕಣಮ್ಮ, ಟೋಪಿ ಬದಲು ಸ್ಲೇಟು ತುಂಬಿಡಿ" ಅನ್ನುತ್ತಿದ್ದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆಮೇಲೆ ಗೋಡೌನ್ ನೋಡಿಕೊಳ್ಳಲು ಮೇಡಂ ಬಂದರು. ಬಸವೇಶ್ವರನಗರದಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ವಯಸ್ಸಿನಲ್ಲಿ ನನ್ನ ಮಗಳ ಸಮ, ಮನೆಯಲ್ಲಿ ನಡೆಯಲು ಕಲಿಯುತ್ತಿದ್ದ ಮಗುವಿತ್ತು. ಮೊದಲ ವಾರ ಏನೂ ಮಾಡಲಿಲ್ಲ. ಸುಮ್ಮನೆ ನಮ್ಮ ಹಿಂದೆ ನಿಂತು ನೋಡಿದರು. ನನಗೆ ಸಿಟ್ಟು ಬಂತು. ಏನಮ್ಮಾ, ನಿಂತುಕೊಂಡು ಸಂಬಳ ಎಣಿಸಿಕೊಳ್ಳುತ್ತೀಯಾ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಆಮೇಲೆ ಒಂದೊಂದೇ ಬದಲಾಯಿಸಿದರು. ಉದ್ದ ಮೇಜು ಹಾಕಿಸಿದರು. ಒಬ್ಬೊಬ್ಬರು ಒಂದೊಂದೇ ಸಾಮಾನು ಹಾಕಿ ಮುಂದಕ್ಕೆ ತಳ್ಳಬೇಕು. ಮಳೆಗಾಲಕ್ಕೆ ಮೊದಲೇ ಚೀಲ ತುಂಬಬೇಕು. ತುಂಬಿದ ಚೀಲ ಇಲ್ಲಿ ಕೂರಬಾರದು, ಎಲ್ಲಿ ವರ್ಷ ವರ್ಷ ನೀರು ಬರುತ್ತದೋ ಆ ಕಡೆಯ ಎತ್ತರದ ಊರುಗಳಿಗೆ ಮೊದಲೇ ಹೋಗಿ ಕಾಯಬೇಕು. ಹೊಳೆ ಉಕ್ಕಿದ ದಿನ ಬೆಂಗಳೂರಿನಿಂದ ಲಾರಿ ಹೊರಡುವುದಲ್ಲ, ಪಕ್ಕದ ಊರಿನಿಂದ ಟ್ರ್ಯಾಕ್ಟರ್ ಹೊರಡಬೇಕು.

ಇನ್ನೊಂದು ಮಾತು ಕಡ್ಡಾಯ ಮಾಡಿದರು. ಹಳೆ ಬಟ್ಟೆ ಗೋಡೌನಿನ ಬಾಗಿಲು ದಾಟಬಾರದು. ಬೇರೆ ಕಡೆ ಕೊಟ್ಟ ಹಳೆ ಬಟ್ಟೆ ಮಳೆಯಲ್ಲಿ ನೆಂದು, ಕೊಳೆತು, ರಸ್ತೆ ಬದಿ ಗುಡ್ಡೆ ಬಿದ್ದು, ದನ ಮೇಯುತ್ತಿದ್ದುದನ್ನು ಅವರು ಕಣ್ಣಾರೆ ಕಂಡಿದ್ದರಂತೆ. "ಎಲ್ಲಾ ಕಳ್ಕೊಂಡವರ ಕೈಗೆ ನಮ್ಮ ಮನೆ ಕಸ ಕೊಡಬಾರದು ಆಂಟಿ. ಕೊಟ್ರೆ ಹೊಸದು ಕೊಡೋಣ" ಅಂದರು. ನನಗೂ ಸರಿ ಅನ್ನಿಸಿತು. ಈಗಲೂ ಅದು ತಪ್ಪು ಮಾತು ಅಂತ ನಾನು ಹೇಳುವುದಿಲ್ಲ.

ಮೇಜಿನಲ್ಲಿ ನನ್ನ ಪಕ್ಕ ನಿಲ್ಲುತ್ತಿದ್ದವಳು ರಾಯಚೂರಿನ ಆಚೆಯ ಹೊಳೆ ದಂಡೆ ಊರಿನವಳು. ನಾವೆಲ್ಲ ಅವಳನ್ನು ರಾಯಚೂರಿನವಳು ಅಂತಲೇ ಕರೆಯುತ್ತಿದ್ದೆವು. ಗಂಡ ಗಾರೆ ಕೆಲಸ. ಸುಂಕದಕಟ್ಟೆಯಲ್ಲಿ ಶೀಟು ಮನೆ. ಅವಳು ಸುತ್ತುವ ಬಟ್ಟೆ ಮಡಚಿ ಹಾಕುವುದು, ನಾನು ಬಾಯಿ ಮುಚ್ಚುವುದು. ಮಧ್ಯಾಹ್ನ ಒಟ್ಟಿಗೇ ಕೂತು ಉಣ್ಣುತ್ತಿದ್ದೆವು. ನಿನ್ನ ರೊಟ್ಟಿಯಲ್ಲಿ ಬಾಗಿಲು ಮಾಡಿಸಬಹುದು ಕಣೇ ಅಂತ ನಾನು, ನಿಮ್ಮ ಮುದ್ದಿ ನುಂಗಿದರ ಹೊಟ್ಟ್ಯಾಗ ಕಲ್ಲ ಬಿದ್ದಂಗ ಆಗತೈತಿ ಅಂತ ಅವಳು. ಹೀಗೆ ಬೈದಾಡಿಕೊಂಡು ಒಬ್ಬರ ಡಬ್ಬಿ ಇನ್ನೊಬ್ಬರು ಖಾಲಿ ಮಾಡುತ್ತಿದ್ದೆವು.

ಅವಳಿಗೆ ಒಬ್ಬಳೇ ಮಗಳು. ಅಲ್ಲೇ ಹತ್ತಿರದ ಊರಿಗೆ ಕೊಟ್ಟಿದ್ದಳು. ಮದುವೆಯಾಗಿ ಬಹಳ ದಿನ ಬಸಿರು ನಿಂತಿರಲಿಲ್ಲ, ಆ ವರ್ಷ ನಿಂತಿತು. ಮೊದಲ ಬಾಣಂತನ ತವರಿನಲ್ಲಿ ಆಗಬೇಕು. ಸುಂಕದಕಟ್ಟೆಯ ಶೀಟು ಮನೆಯಲ್ಲಿ ಬಾಣಂತಿಯನ್ನು ಎಲ್ಲಿ ಮಲಗಿಸುವುದು? ಅದಕ್ಕೆ ಮಗಳನ್ನು ಊರಿನ ಹಳೆ ಮನೆಗೆ ಕರೆಸಿ, ತನ್ನ ತಾಯಿಯ ಹತ್ತಿರ ಬಿಟ್ಟಿದ್ದಳು. ದಿನ ಹತ್ತಿರ ಬಂದಾಗ ರಜ ಹಾಕಿ ತಾನು ಹೋಗುವುದು ಅಂತ ಮಾತಾಗಿತ್ತು. ಮೇಡಂ ರಜಕ್ಕೆ ಒಪ್ಪಿದ್ದರು.

ಒಂದು ಭಾನುವಾರ ಅವಳ ಮನೆಗೆ ಹೋಗಿದ್ದೆ. ಗೋಡೆಯ ಮೊಳೆಗೆ ಒಂದು ಗಂಟು ನೇತುಹಾಕಿದ್ದಳು. ಇಳಿಸಿ ಬಿಚ್ಚಿ ತೋರಿಸಿದಳು. ಹಳೆಯ ನೂಲಿನ ಸೀರೆಗಳು, ಗಂಡನ ಹಳೆ ಪಂಚೆ. ಕುದಿಯುವ ನೀರಿನಲ್ಲಿ ಹಾಕಿ, ಒಗೆದು, ಶೀಟಿನ ಮೇಲೆ ಒಣಗಿಸಿ, ಮಡಚಿ ಇಟ್ಟಿದ್ದಳು. ಮುಟ್ಟಿದರೆ ಬೆಣ್ಣೆ ಥರ. ಅದರಲ್ಲೊಂದು ಕಂದು ಬಣ್ಣದ ಸೀರೆ, ಅಂಚು ಪೂರ್ತಿ ಮಾಸಿತ್ತು. ಮಗಳು ಹುಟ್ಟಿದಾಗ ಅದರಲ್ಲೇ ಸುತ್ತಿದ್ದಂತೆ. ಈಗ ಮಗಳ ಕೂಸಿಗೆ.

ನಮ್ಮ ಕಡೆಯೂ ಅಷ್ಟೇ. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಮುಟ್ಟಿಸುವುದಿಲ್ಲ. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನದ ತನಕ ಹಳೆಯ ಸೀರೆ, ಹಳೆಯ ಪಂಚೆ. ಹೊಸ ಬಟ್ಟೆ ಒರಟು, ಎಳೆ ಚರ್ಮ ಉಜ್ಜುತ್ತದೆ ಅನ್ನುತ್ತಾರೆ. ದೃಷ್ಟಿ ತಾಗುತ್ತದೆ ಅನ್ನುತ್ತಾರೆ. ಕೂಸು ಉಳಿಯುತ್ತದೋ ಇಲ್ಲವೋ ಗೊತ್ತಾಗುವ ತನಕ ಹಬ್ಬ ಮಾಡಬಾರದು ಅಂತಲೂ ಇರಬಹುದು, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಹೆತ್ತ ಮಕ್ಕಳನ್ನೆಲ್ಲ ನನ್ನ ಅತ್ತೆಯ ಹಳೆ ಸೀರೆಯಲ್ಲೇ ಸುತ್ತಿದ್ದು.

ಅವಳು ಹೊರಡಬೇಕಾಗಿದ್ದ ವಾರವೇ ಮಳೆ ಹಿಡಿಯಿತು. ಇಲ್ಲಿ ಅಲ್ಲ, ಅಲ್ಲಿ ಊರ ಕಡೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ಅವಳ ಊರಿನ ಸೇತುವೆ ಮುಳುಗಿತು. ಬಸ್ಸು ನಿಂತವು. ಮನೆಯೊಳಗೆ ನೀರು ನುಗ್ಗಿದ್ದು ಬೆಳಗಿನ ಜಾವ. ಉಟ್ಟ ಬಟ್ಟೆಯಲ್ಲಿ ತುಂಬು ಬಸುರಿಯನ್ನೂ ಮುದುಕಿಯನ್ನೂ ತೆಪ್ಪದಲ್ಲಿ ದಾಟಿಸಿ ದಿಬ್ಬದ ಮೇಲಿನ ಶಾಲೆಯಲ್ಲಿ ಬಿಟ್ಟರಂತೆ. ಇವಳು ಮೆಜೆಸ್ಟಿಕ್ಕಿಗೆ ಹೋಗಿ ಬಸ್ಸಿಲ್ಲದೆ ವಾಪಸ್ ಬಂದಳು, ಮಾರನೆಯ ದಿನವೂ ಹೋಗಿ ಬಂದಳು. ಆಮೇಲೆ ಮನೆಯಲ್ಲಿ ಕೂತರೆ ತಲೆ ಕೆಡುತ್ತದೆ ಅಂತ ಕೆಲಸಕ್ಕೆ ಬಂದಳು.

ಆ ವಾರ ನಾವೆಲ್ಲ ಹೆಚ್ಚು ಹೊತ್ತು ನಿಂತು ತುಂಬಿದೆವು. ಅವಳು ಒಂದೊಂದು ಚೀಲಕ್ಕೂ ಬಟ್ಟೆ ಹಾಕಿ ಅಂಗೈಯಲ್ಲಿ ಒಂದು ಸಲ ಅದುಮಿ ನನ್ನ ಕಡೆ ತಳ್ಳುತ್ತಿದ್ದಳು. ಇದು ನನ್ನ ಮಗಳಿಗೆ ಹೋಗಬಹುದು ಅನ್ನುತ್ತಿದ್ದಳು. ಎಲ್ಲಾ ಒಂದೇ ಥರ ಇದೆ, ಯಾವುದು ಹೋದರೇನು, ಕೈ ಆಡಿಸು ಅಂತ ನಾನು ಗದರಿದೆ. ಅವಳ ಮಗಳಿಗೆ ಸಿಗಬೇಕಾದ ಚೀಲ ಆಗಲೇ ಅಲ್ಲಿತ್ತು. ಮೇ ತಿಂಗಳಿನಲ್ಲೇ ಹೋಗಿತ್ತು. ಮೇಡಂ ಮಾಡಿದ ಏರ್ಪಾಡು ಅದು. ನೀರು ಬಂದ ಮಾರನೆಯ ದಿನವೇ ಪಕ್ಕದ ಊರಿನಿಂದ ಟ್ರ್ಯಾಕ್ಟರಿನಲ್ಲಿ ಚೀಲಗಳು ಆ ಶಾಲೆಗೆ ಮುಟ್ಟಿದವು. ಅಲ್ಲಿಂದ ಫೋನು ಬಂದಾಗ ಮೇಡಂ ಮೇಜಿನ ತುದಿಗೆ ಬಂದು ಹೇಳಿದರು. ಅವರ ಮುಖ ಅರಳಿತ್ತು. ಅಷ್ಟು ವರ್ಷದಲ್ಲಿ ಮೊದಲ ಸಲ ನಮ್ಮ ಸಾಮಾನು ಹೊತ್ತಿಗೆ ಸರಿಯಾಗಿ ಮುಟ್ಟಿತ್ತು.

ಹೆರಿಗೆ ಆ ಶಾಲೆಯ ಕೋಣೆಯಲ್ಲೇ ಆಯಿತು. ಹೆಣ್ಣು ಕೂಸು. ಮಗಳೇ ಯಾರದೋ ಫೋನಿನಿಂದ ಮಾತಾಡಿದಳು. ಮೇಡಂ ಬೇಕರಿಯಿಂದ ಸಿಹಿ ತರಿಸಿದರು. ರಾಯಚೂರಿನವಳು ಫೋನನ್ನು ಮೇಜಿನ ಮೇಲೆ ಇಟ್ಟು ನಮಗೆಲ್ಲ ಕೇಳುವಂತೆ ಮಾಡಿದಳು.

"ಯವ್ವಾ, ನಿನ್ನ ಚೀಲ ಬಂದೈತಿ" ಅಂದಳು ಮಗಳು. ನಾವೆಲ್ಲ ನಕ್ಕೆವು. ಒಳಗ ಹಳದಿ ಕಂಬಳಿ ಕಾಣತೈತಿ, ಟೋಪಿಯೂ ಐತಿ, ಬಾಳ ಚಂದ ಐತಿ ಅಂದಳು. ದನಿ ಸೋತಿತ್ತು, ಆದರೂ ನಗುತ್ತಿದ್ದಳು.

"ಬಿಚ್ಚಬ್ಯಾಡ" ಅಂದಳು ತಾಯಿ. "ತೊಟ್ಲಾಗ ಹಾಕೂ ದಿನಾ ಹೊಸಾ ಅರಿಬಿ ಹಾಕೂಣು. ಅಲ್ಲೀತನಾ ಹಳೀ ಸೀರ್ಯಾಗ ಸುತ್ತಿಡು. ನಾ ಬರತೀನಿ, ಗಂಟು ತರತೀನಿ."

"ಹೂಂ ಯವ್ವಾ" ಅಂದಳು ಮಗಳು.

ಮೇಜಿನ ಸುತ್ತ ನಾವೆಲ್ಲ ಹೆಂಗಸರು. ಎಲ್ಲರೂ ಹೆತ್ತವರು. ಎಲ್ಲರೂ ತಲೆ ಆಡಿಸಿದೆವು. ಮೇಡಂ ಸಿಹಿಯ ಡಬ್ಬಿ ಹಿಡಿದು ಅಲ್ಲೇ ನಿಂತಿದ್ದರು, ಅವರೂ ತಲೆ ಆಡಿಸಿದರು. ಹಳೆಯ ಸೀರೆ ಅಂದರೆ ಅದು ಯಾವ ಬಡವರ ಮನೆಯಲ್ಲೂ ಇರುವ ವಸ್ತು. ಅನ್ನ ಇಲ್ಲದ ಮನೆಯಲ್ಲೂ ಇರುತ್ತದೆ. ಅದೂ ಹೊಳೆಯ ಪಾಲಾಗಿರುತ್ತದೆ ಅಂತ ಅಲ್ಲಿ ನಿಂತ ಯಾರ ತಲೆಗೂ ಹೊಳೆಯಲಿಲ್ಲ.

ಆಮೇಲೆ ತಿಳಿದದ್ದು, ಆ ಹುಡುಗಿಯ ಹತ್ತಿರ ಇದ್ದದ್ದು ಉಟ್ಟ ಸೀರೆ ಒಂದೇ. ಅದರ ಸೆರಗು ಹರಿದು ಕೂಸಿಗೆ ಸುತ್ತಿದ್ದರಂತೆ. ಅದು ನೆಂದದ್ದು ಒಣಗಿರಲಿಲ್ಲ. ಅಲ್ಲಿ ಯಾವುದೂ ಒಣಗುತ್ತಿರಲಿಲ್ಲ, ಕಿಟಕಿಗೆ ಬಾಗಿಲಿಲ್ಲ, ಹೊರಗೆ ಮಳೆ ನಿಂತಿಲ್ಲ. ಕೂಸು ಉಚ್ಚೆ ಹೊಯ್ದರೆ ಇನ್ನೊಂದು ತುಂಡು, ಅದೂ ಒದ್ದೆ. ನರ್ಸಮ್ಮ ಬಂದು ಬೆಚ್ಚಗಿಡಿ ಅಂದು ಪಕ್ಕದ ಕೋಣೆಗೆ ಹೋದಳಂತೆ. ಬೆಚ್ಚಗೇ ಇಟ್ಟೀವಿ ಅಂದಳಂತೆ ಮುದುಕಿ. ಚೀಲ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಹೆಸರಿಡುವ ದಿನಕ್ಕೆ.

ಮತ್ತೆ ಫೋನು ಬಂದಾಗ ಅವಳು ಬಟ್ಟೆ ಮಡಚುತ್ತಿದ್ದಳು. ಈ ಸಲ ಮೇಜಿನ ಮೇಲೆ ಇಡಲಿಲ್ಲ, ಕಿವಿಗೆ ಹಿಡಿದಳು. ಅಳಲಿಲ್ಲ. ಥಂಡಿ ಹತ್ತಿ ಕೂಸು ಹೋತಂತ ಅಂತ ನನಗೆ ಹೇಳಿದಳು. ಆಮೇಲೆ ಫೋನಿನಲ್ಲಿ ಒಂದೇ ಮಾತು ಕೇಳಿದಳು, ಕೂಸಿನ ಮೈಮೇಲೆ ಏನಿತ್ತು ಅಂತ. ಉತ್ತರ ಕೇಳಿ ಫೋನು ಇಟ್ಟಳು. ಕೈಯಲ್ಲಿದ್ದ ಬಟ್ಟೆ ಮಡಚಿ ಚೀಲಕ್ಕೆ ಹಾಕಿ ನನ್ನ ಕಡೆ ತಳ್ಳಿದಳು. ಅದುಮಲಿಲ್ಲ. ನಾನು ಮುಚ್ಚಿದೆ. ಇನ್ನೇನು ಮಾಡಲಿ?

ಅವತ್ತು ಅವಳನ್ನು ನಾನೇ ಸುಂಕದಕಟ್ಟೆಗೆ ಬಿಡಲು ಹೋದೆ. ಮನೆಯೊಳಗೆ ಕಾಲಿಟ್ಟ ಕೂಡಲೇ ಕಂಡದ್ದು ಮೊಳೆಗೆ ನೇತುಹಾಕಿದ್ದ ಆ ಗಂಟು. ಒಗೆದು ಒಣಗಿಸಿದ್ದು, ಬೆಚ್ಚಗೆ, ಯಾರಿಗೂ ಒದಗದೆ ನೇತಾಡುತ್ತಿತ್ತು. ಅವಳು ಅದನ್ನು ನೋಡಿದಳು, ಗೋಡೆಗೆ ಮುಖ ಮಾಡಿ ಮಲಗಿದಳು. ಅವಳ ಗಂಡ ಬರುವ ತನಕ ನಾನು ಕೂತಿದ್ದೆ. ಕುಡಿಯಲು ನೀರು ಕೊಟ್ಟೆ.

ಸೇತುವೆ ತೆರೆದ ಮೇಲೆ ಊರಿಗೆ ಹೋದಳು. ಮಣ್ಣು ಮಾಡಿ ಆಗಿತ್ತು. ವಾಪಸ್ ಬರುವುದಿಲ್ಲ ಅಂದುಕೊಂಡಿದ್ದೆ. ಬಂದಳು. ಬಂದವಳು ನೇರ ಮೇಡಂ ಅವರ ಮೇಜಿಗೆ ಹೋಗಿ ಒಂದು ಚೀಲ ಇಟ್ಟಳು. ಪ್ಲಾಸ್ಟಿಕ್ಕಿನ ಹೊರಗೆ ಮಣ್ಣು ಅಂಟಿತ್ತು. ಒಳಗೆ ಹಳದಿ ಕಂಬಳಿ ಹೊಸದಾಗೇ ಇತ್ತು. ಬಾಯಿಯಲ್ಲಿ ಎರಡು ಗೆರೆ.

"ಮುಚ್ಚಿದ್ದು ಮುಚ್ಚಿದಂಗ ಐತ್ರಿ. ಬ್ಯಾರೆ ಯಾವ್ದರ ಕೂಸಿಗೆ ಆಗ್ಲಿ ಅಂತ ಮಗಳು ಕೊಟ್ಟಾಳ" ಅಂದಳು.

ಮೇಡಂ ಅದನ್ನು ಮುಟ್ಟಲಿಲ್ಲ. ಎದ್ದು ಹೊರಗೆ ಹೋಗಿ, ಲಾರಿ ನಿಲ್ಲುವ ಕಟ್ಟೆಯ ಮೇಲೆ ಕೂತರು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ ಶಾಲೆಗಳಿಗೆ ಫೋನು ಮಾಡತೊಡಗಿದರು. ಕೇಳುತ್ತಾ ಹೋದಂತೆ ಒಂದೇ ಉತ್ತರ. ಚೀಲ ಬಂದಿದೆ, ಜೋಪಾನವಾಗಿದೆ, ಹೆಸರಿಡುವಾಗ ತೆಗೆಯುತ್ತಾರೆ. ಒಂದು ಕಡೆ ಸಾಲಾಗಿ ಮೊಳೆಗೆ ನೇತುಹಾಕಿದ್ದರಂತೆ, ಮದುವೆ ಮನೆಯ ಉಡುಗೊರೆ ಥರ. ಉಳಿದ ಕೂಸುಗಳು ಹೇಗೋ ಉಳಿದಿದ್ದವು. ಯಾರದೋ ಮನೆಯ ಪೆಟ್ಟಿಗೆ ಅಟ್ಟದ ಮೇಲಿತ್ತು, ಅದು ನೆಂದಿರಲಿಲ್ಲ. ಇನ್ನಾರದೋ ಗಂಡನ ಪಂಚೆ ಒಣಗಿತ್ತು. ಹಾಗೆ.

ನಾನು ಟೀ ತಗೊಂಡು ಹೋದೆ. "ನೀವ್ಯಾಕೆ ಯಾರೂ ಹೇಳ್ಲಿಲ್ಲ ಆಂಟಿ?" ಅಂತ ಕೇಳಿದರು. ಜೋರಾಗಿ ಕೇಳಲಿಲ್ಲ.

"ನಿಮ್ಮ ಮಗೂಗೆ ಏನು ಸುತ್ತಿದ್ರಿ ಮೇಡಂ?"

ಅವರು ಟೀ ಲೋಟ ಕಟ್ಟೆಯ ಮೇಲೆ ಇಟ್ಟರು. "ಅಜ್ಜಿ ಸೀರೆ" ಅಂದರು ಆಮೇಲೆ. "ಆಸ್ಪತ್ರೆಗೇ ತಗೊಂಡು ಬಂದಿದ್ರು."

ಅಷ್ಟೇ ಮಾತು. ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಬಂದಿದ್ದೆವು, ಚಪ್ಪಲಿ ಹೊರಗೆ ಬಿಟ್ಟು ಬಂದ ಹಾಗೆ.

ಅವರು ಹಾಕಿದ ನಿಯಮ ಅವರೇ ಮುರಿದರು. ಸುಲಭವಾಗೇನೂ ಆಗಲಿಲ್ಲ. ಮೇಲಿನವರು ಹಳೆ ಬಟ್ಟೆ ಅಂದ ಕೂಡಲೇ ಮುಖ ಸಿಂಡರಿಸಿದರಂತೆ. ಮತ್ತೆ ಇಲಿ ಮೂಟೆ ಶುರುವಾಗುತ್ತದೆ ಅಂದರಂತೆ. ಮೇಡಂ ಬಿಡಲಿಲ್ಲ. ನಾವು ಕೇಳಿದ್ದು ಹಳೆಯ ನೂಲಿನ ಸೀರೆ, ಪಂಚೆ, ಬೇರೇನೂ ಅಲ್ಲ. ಬಸವೇಶ್ವರನಗರದ ಮನೆ ಮನೆಗೆ ನಾನೂ ಹೋದೆ. ಜನ ರೇಷ್ಮೆ ಕೊಡುತ್ತಾರೆ, ನೈಲಾನ್ ಕೊಡುತ್ತಾರೆ, ಹಳೆಯ ನೂಲು ಮಾತ್ರ ಕೊಡಲು ಮನಸ್ಸು ಬರುವುದಿಲ್ಲ. "ಅಯ್ಯೋ, ಅದು ನೆಲ ಒರೆಸೋಕೆ ಬೇಕಲ್ಲ ಆಂಟಿ" ಅಂದಳು ಒಬ್ಬಳು. ನೆಲ ಒರೆಸಲು ನನ್ನ ಹೊಸ ಸೀರೆ ಕೊಡುತ್ತೇನೆ, ಅದನ್ನು ಕೊಡಮ್ಮಾ ಅಂದೆ. ಬಾಗಿಲು ಹಾಕಿಕೊಂಡಳು. ಮಾರನೆಯ ದಿನ ಅವಳೇ ಸ್ಕೂಟರಿನಲ್ಲಿ ತಂದು ಕೊಟ್ಟು ಹೋದಳು.

ಈಗ ಗೋಡೌನಿನ ಹಿಂದೆ ಹಂಡೆ ಹೂಡಿದ್ದೇವೆ. ಬಂದ ಸೀರೆಗಳನ್ನು ಕುದಿಸಿ, ಒಗೆದು, ಬಿಸಿಲಿಗೆ ಒಣಗಿಸಿ, ಕೂಸಿನ ಅಳತೆಗೆ ಹರಿಯುತ್ತೇವೆ. ಆ ತುಂಡುಗಳನ್ನು ಒಂದು ಸಣ್ಣ ಪ್ಲಾಸ್ಟಿಕ್ಕಿಗೆ ಹಾಕಿ, ಬಾಯಿ ಅಂಟಿಸದೆ ಮಡಚಿ, ದೊಡ್ಡ ಚೀಲದ ಹೊರಗೆ ದಾರದಿಂದ ಕಟ್ಟುತ್ತೇವೆ. ಒಳಗೆ ಹಾಕುವುದಿಲ್ಲ. ಒಳಗೆ ಹಾಕಿದರೆ ಅದೂ ತೊಟ್ಟಿಲ ದಿನದ ತನಕ ಮೊಳೆಗೆ ನೇತಾಡುತ್ತದೆ. ಹೊರಗೆ ಕಟ್ಟಬೇಕು ಅಂದವಳು ರಾಯಚೂರಿನವಳು. ಅವಳು ಈಗ ಬಟ್ಟೆ ಮಡಚುವುದಿಲ್ಲ, ಹರಿಯುವ ಕೆಲಸ ಕೇಳಿ ತೆಗೆದುಕೊಂಡಿದ್ದಾಳೆ. ಹಲ್ಲಿನಲ್ಲಿ ಒಂದು ಕಚ್ಚು ಕೊಟ್ಟು ಎರಡು ಕೈಯಲ್ಲಿ ಎಳೆಯುತ್ತಾಳೆ. ಚರ್ರ್ ಅನ್ನುವ ಸದ್ದು ಇಡೀ ದಿನ. ಮೊದಮೊದಲು ಪ್ರತಿ ಸಲ ತಿರುಗಿ ನೋಡುತ್ತಿದ್ದೆ. ಈಗ ಅಭ್ಯಾಸವಾಗಿದೆ. ಮಧ್ಯಾಹ್ನ ಅವಳು ರೊಟ್ಟಿ ತರುತ್ತಾಳೆ, ನಾನು ಮುದ್ದೆ ತರುತ್ತೇನೆ. ಬೈದಾಡುವುದು ಮಾತ್ರ ನಿಂತಿದೆ.

ಮಗಳ ಸುದ್ದಿ ನಾನಾಗಿ ಕೇಳುವುದಿಲ್ಲ. ಗಂಡನ ಮನೆಗೆ ವಾಪಸ್ ಹೋಗಿದ್ದಾಳೆ ಅಂತ ಒಮ್ಮೆ ಅವಳೇ ಹೇಳಿದಳು. ಎದೆ ಹಾಲು ಇಂಗಲು ಬಹಳ ದಿನ ಹಿಡಿಯಿತು ಅಂದಳು. ಫೋನಿನಲ್ಲಿ ಅವ್ವ ಅಂತ ಕರೆಯುತ್ತಾಳಂತೆ, ಆಮೇಲೆ ಇಬ್ಬರಿಗೂ ಮಾತು ಮುಂದೆ ಹೋಗುವುದಿಲ್ಲವಂತೆ.

ಈ ವರ್ಷದ ಚೀಲಗಳು ಹೋಗುವ ಹಿಂದಿನ ದಿನ ಬಟ್ಟೆ ಮುಗಿದುಹೋಯಿತು. ಒಂದಷ್ಟು ಚೀಲ ಹಾಗೇ ಉಳಿದಿದ್ದವು. ಹೊಸದಾಗಿ ಬಂದಿದ್ದ ಸೀರೆಗಳು ಇನ್ನೂ ಹಂಡೆಯಲ್ಲಿದ್ದವು. ಇವನ್ನು ಆಮೇಲೆ ಕಳಿಸೋಣ ಅಂದರು ಮೇಡಂ. ರಾಯಚೂರಿನವಳು ಮನೆಗೆ ಹೋದಳು. ಬೆಳಿಗ್ಗೆ ಬಂದಾಗ ಕಂಕುಳಲ್ಲಿ ಆ ಗಂಟು ಇತ್ತು.

ಮೇಜಿನ ಮೇಲೆ ಬಿಚ್ಚಿದಳು. ಒಂದೊಂದೇ ಎತ್ತಿ ಹರಿದಳು. ಗಂಡನ ಪಂಚೆ, ಆಮೇಲೆ ಉಳಿದ ಸೀರೆಗಳು. ಕಂದು ಸೀರೆ ಕೊನೆಗೆ ಉಳಿಯಿತು. ಅದನ್ನು ಕೈಯಲ್ಲಿ ಹಿಡಿದು ನಿಂತಳು.

ಮೇಡಂ ಹತ್ತಿರ ಬಂದು, "ಇದು ಬೇಡ, ಮನೇಲಿ ಇಟ್ಕೊಳ್ಳಿ. ಒಂದು ಚೀಲ ಕಮ್ಮಿ ಆದ್ರೆ ಪರವಾಗಿಲ್ಲ" ಅಂದರು.

ಅವಳು ಮೇಡಂ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಹರಿ" ಅಂದೆ. "ಮೊಳೆಗೆ ನೇತುಹಾಕಿ ಏನು ಮಾಡ್ತೀಯ?"

ಕಚ್ಚು ಕೊಡುವುದೂ ಬೇಕಾಗಲಿಲ್ಲ. ಎಳೆದ ಕೂಡಲೇ ಬಿಟ್ಟುಕೊಂಡಿತು. ಅಷ್ಟು ಹಳೆಯ ಬಟ್ಟೆ ಹರಿದರೆ ಸದ್ದೇ ಆಗುವುದಿಲ್ಲ. ತುಂಡು ಮಾಡಿ, ಮಡಚಿ, ಅಂಗೈಯಲ್ಲಿ ಒಂದು ಸಲ ಅದುಮಿದಳು. ಚೀಲದ ಹೊರಗೆ ಕಟ್ಟಿದಳು. ಅದು ಅವಳ ಮಗಳು ವಾಪಸ್ ಕಳಿಸಿದ್ದ ಚೀಲ. ವರ್ಷವೆಲ್ಲ ಮೇಡಂ ಅವರ ಮೇಜಿನ ಮೂಲೆಯಲ್ಲೇ ಕೂತಿತ್ತು. ಮಣ್ಣು ಒರೆಸಿ, ಉಳಿದ ಚೀಲಗಳ ಜೊತೆ ಲಾರಿಗೆ ಏರಿಸಿದೆವು.